ಊರು ಬಿಟ್ಟ ನಾಣ್ಯಗಳು



ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಈ ಅಂಕಣಕ್ಕೆ ಒಂದು ಪತ್ರ ಬರೆದಿದ್ದಾನೆ. ಕನ್ನಡದಲ್ಲೇ ಬರೆದಿದ್ದಾನೆ ಎನ್ನುವುದು ಮೊದಲ ಸಂತೋಷ. ಒತ್ತಕ್ಷರಗಳು ಅಲ್ಲಲ್ಲಿ ಜಾರಿವೆ, ಇರಲಿ, ವಿಷಯ ಎಲ್ಲೂ ಜಾರಿಲ್ಲ. "ಆಂಟಿ, ನನ್ನ ಹತ್ತಿರ ಮೂವತ್ತೆಂಟು ದೇಶಗಳ ನಾಣ್ಯಗಳಿವೆ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಸೋದರಮಾವ ತಂದುಕೊಟ್ಟದ್ದು. ಇವುಗಳಲ್ಲಿ ಯಾವುದಕ್ಕೆ ಜಾಸ್ತಿ ಬೆಲೆ ಬರುತ್ತದೆ? ಇನ್ನು ಮುಂದೆ ಎಂಥ ನಾಣ್ಯ ಸೇರಿಸಬೇಕು?" ಎಂದು ಕೇಳಿದ್ದಾನೆ.

ನಾಣ್ಯವನ್ನು ಪರೀಕ್ಷಿಸಿ ಬೆಲೆ ಕಟ್ಟುವವರನ್ನು ಹಿಂದೆ ನಮ್ಮಲ್ಲಿ ಚಿನಿವಾರರು ಎನ್ನುತ್ತಿದ್ದರು. ನಾನು ಚಿನಿವಾರಳಲ್ಲ, ಮನೆ ನಡೆಸುವ ಹೆಂಗಸು. ಇಂಗ್ಲಿಷ್ ಬಿ.ಎ. ಓದುವಾಗ ಶಬ್ದಗಳ ಮೂಲ ಹುಡುಕುವ ಗೀಳು ಹತ್ತಿತು. ಅದೇ ಗೀಳು ಮುಂದೆ ನಾಣ್ಯಗಳ ಕಡೆಗೆ ತಿರುಗಿತು. ನನ್ನ ಸಂಗ್ರಹವೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಯುತ್ತದೆ. ಆದ್ದರಿಂದ ಅವನ ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಇದೆ. ಊರು ಬಿಟ್ಟ ನಾಣ್ಯಗಳನ್ನು ಸೇರಿಸಿ. ಎಲ್ಲೋ ಹುಟ್ಟಿ, ಇನ್ನೆಲ್ಲೋ ಚಲಾವಣೆಯಾಗಿ, ಮತ್ತೆಲ್ಲೋ ಬಂದು ನೆಲೆಸಿದ ನಾಣ್ಯಗಳನ್ನು ಹುಡುಕಿ. "ಇದಕ್ಕೆ ಎಷ್ಟು ಸಿಗುತ್ತದೆ?" ಎಂದು ಕೇಳುವ ಮೊದಲು "ಇದು ಇಲ್ಲಿಗೆ ಹೇಗೆ ಬಂತು?" ಎಂದು ಕೇಳಿ. ಅಂಥ ಕೆಲವು ನಾಣ್ಯಗಳ ಕಥೆಯನ್ನು ಈ ಸಲ ಹೇಳುತ್ತೇನೆ.

ಕವಡೆಯ ಕಿಮ್ಮತ್ತು

"ಕವಡೆ ಕಾಸಿನ ಕಿಮ್ಮತ್ತಿಲ್ಲ" ಎಂಬ ಬೈಗುಳ ನಿಮ್ಮ ಮನೆಯಲ್ಲೂ ಕೇಳಿಬಂದಿರಬೇಕು. ಚೌಕಾಬಾರ ಆಡುವಾಗ ನಾವು ಚೆಲ್ಲುವ ಆ ಪುಟ್ಟ ಕವಡೆ ಒಂದು ಕಾಲದಲ್ಲಿ ನಿಜವಾದ ಹಣವಾಗಿತ್ತು. ಅದು ಹೇರಳವಾಗಿ ಸಿಗುತ್ತಿದ್ದುದು ಮಾಲ್ಡೀವ್ಸ್ ದ್ವೀಪಗಳ ಸಮುದ್ರದಲ್ಲಿ. ಅಲ್ಲಿಂದ ಕವಡೆ ಹೇರಿಕೊಂಡು ಬಂಗಾಳಕ್ಕೆ ಹೋದ ಹಡಗುಗಳು ಬದಲಿಗೆ ಅಕ್ಕಿ ತುಂಬಿಕೊಂಡು ಹಿಂತಿರುಗುತ್ತಿದ್ದವು. ಬಂಗಾಳ, ಒಡಿಶಾಗಳಲ್ಲಿ ಸಂತೆಯ ವ್ಯಾಪಾರವಷ್ಟೇ ಅಲ್ಲ, ಕಂದಾಯವೂ ಕವಡೆಯಲ್ಲೇ ಸಲ್ಲುತ್ತಿತ್ತು. ಕಂದಾಯವನ್ನು ಬೆಳ್ಳಿ ರೂಪಾಯಿಯಲ್ಲೇ ಕಟ್ಟಬೇಕೆಂದು ಈಸ್ಟ್ ಇಂಡಿಯಾ ಕಂಪನಿ ಹಟ ಹಿಡಿದದ್ದು ಒಡಿಶಾದ 1817ರ ಪಾಯಿಕ ದಂಗೆಗೆ ಇದ್ದ ಕಾರಣಗಳಲ್ಲಿ ಒಂದು. ಕೈಯಲ್ಲಿ ಕವಡೆ ಮಾತ್ರ ಇದ್ದ ರೈತ ಬೆಳ್ಳಿಯನ್ನು ಎಲ್ಲಿಂದ ತರಬೇಕು?

ಕವಡೆಯ ಪಯಣ ಅಲ್ಲಿಗೇ ನಿಲ್ಲಲಿಲ್ಲ. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಅದನ್ನು ಹಡಗಿನ ತಳದಲ್ಲಿ ತುಂಬಿ ಯುರೋಪಿಗೆ ಒಯ್ದರು, ಅಲ್ಲಿಂದ ಪಶ್ಚಿಮ ಆಫ್ರಿಕಕ್ಕೆ. ಆ ಕರಾವಳಿಯಲ್ಲಿ ಅದೇ ಕವಡೆಯನ್ನು ಎಣಿಸಿ ಕೊಟ್ಟು ಮನುಷ್ಯರನ್ನು ಕೊಂಡರು. ಗುಲಾಮರ ವ್ಯಾಪಾರದ ಲೆಕ್ಕದಲ್ಲಿ ನಮ್ಮ ನೆರೆಯ ಸಮುದ್ರದ ಚಿಪ್ಪೂ ಸೇರಿದೆ ಎಂಬುದು ನಿಮಗೆ ಗೊತ್ತಿತ್ತೇ? ಇವತ್ತಿಗೂ ಘಾನಾ ದೇಶದ ಹಣದ ಹೆಸರು 'ಸೆಡಿ'. ಅಲ್ಲಿನ ಅಕಾನ್ ಭಾಷೆಯಲ್ಲಿ ಕವಡೆಗೆ ಇರುವ ಶಬ್ದದಿಂದ ಬಂದ ಹೆಸರು ಅದು. ಚೀನೀ ಲಿಪಿಯಲ್ಲಿ ಸಂಪತ್ತು, ಕೊಳ್ಳುವುದು, ಮಾರುವುದು ಮುಂತಾದ ಅನೇಕ ಪದಗಳನ್ನು ಬರೆಯುವಾಗ ಕವಡೆಯ ಚಿಹ್ನೆಯೊಂದು ಒಳಗೆ ಸೇರಿಕೊಳ್ಳುತ್ತಿತ್ತು. ಇಷ್ಟು ದೂರ ನಡೆದ ವಸ್ತುವಿಗೆ ಕಿಮ್ಮತ್ತಿಲ್ಲವೆಂದು ಹೇಗೆ ಹೇಳೋಣ!

ನಮ್ಮ ಬಾಗಿಲಿಗೆ ಬಂದ ಪರದೇಶಿಗಳು

ನಮ್ಮ ನಾಡಿಗೆ ಬಂದ ಹಳೆಯ ಪರದೇಶಿ ನಾಣ್ಯಗಳಲ್ಲಿ ರೋಮನ್ ನಾಣ್ಯಗಳು ಮುಖ್ಯವಾದವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ನೀವು ರಜೆಯಲ್ಲಿ ಹೋಗಿ ಕೆರೆಯ ದಂಡೆಯಲ್ಲಿ ಫೋಟೋ ತೆಗೆಸಿಕೊಂಡಿರಬಹುದು. ಅಲ್ಲಿನ ಮಣ್ಣಿನಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ದಕ್ಷಿಣದ ಮೆಣಸು, ಮುತ್ತು, ನವಿರಾದ ಬಟ್ಟೆಗಳಿಗೆ ರೋಮನ್ನರು ಚಿನ್ನ ಬೆಳ್ಳಿಗಳನ್ನು ಸುರಿಯುತ್ತಿದ್ದ ಕಾಲ ಅದು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದಷ್ಟು ಹಣವನ್ನು ನಮ್ಮಿಂದ ಹೀರುತ್ತಿದೆ ಎಂದು ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ.

1898ರಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಸೀಮೆಯಲ್ಲಿ ಸಿಕ್ಕಿದ ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವಕ್ಕೆ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಏಟು ಬಿದ್ದಿದೆ. ಒಳಗಿನ ಚಿನ್ನ ಶುದ್ಧವೋ ಎಂದು ನೋಡಲು ಹೊಡೆದದ್ದು ಎಂದು ಕೆಲವು ವಿದ್ವಾಂಸರು, ಪರರಾಜನ ಮುದ್ರೆಯನ್ನು ರದ್ದು ಮಾಡಲು ಹೊಡೆದದ್ದು ಎಂದು ಇನ್ನು ಕೆಲವರು. ಕಾರಣ ಯಾವುದೇ ಇರಲಿ, ಇಲ್ಲಿಯವರು ಪರದೇಶಿ ನಾಣ್ಯವನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಲಿಲ್ಲ ಎನ್ನುವುದಂತೂ ಅದರ ಮುಖದ ಮೇಲೆಯೇ ಬರೆದಿದೆ.

ಇನ್ನೊಬ್ಬ ಪರದೇಶಿ ನಿಮ್ಮ ಮನೆಯಲ್ಲೇ ಇರಬಹುದು. ನಮ್ಮ ಅತ್ತೆ ಬೆಳಗಾವಿಯ ಕಡೆಯವರು. ಅವರ ಹತ್ತಿರ ಒಂದು ಪುತಳಿ ಸರ ಇತ್ತು. ದುಂಡನೆಯ ತೆಳು ಬಿಲ್ಲೆಗಳನ್ನು ಸಾಲಾಗಿ ಪೋಣಿಸಿದ ಸರ. ನಿಮ್ಮ ಮರಾಠಿ ಗೆಳತಿಯರ ಮನೆಗಳಲ್ಲೂ ಇದನ್ನು ನೋಡಿರುತ್ತೀರಿ. ಪುತಳಿ ಎಂದರೆ ಬೊಂಬೆ. ಬಿಲ್ಲೆಯ ಮೇಲೆ ಮನುಷ್ಯರ ಆಕೃತಿಗಳಿರುವುದರಿಂದ ಆ ಹೆಸರು. ಆ ಬೊಂಬೆಗಳು ಯಾರು? ನಮ್ಮ ಅತ್ತೆ ರಾಮ ಸೀತೆಯರು ಎಂದೇ ನಂಬಿದ್ದರು. ನಿಜವಾಗಿ ಆ ಬಿಲ್ಲೆಯ ಪೂರ್ವಜ ಇಟಲಿಯ ವೆನಿಸ್ ನಗರದ ಚಿನ್ನದ ನಾಣ್ಯ, ಡುಕಾಟ್. ಅದರ ಒಂದು ಮುಖದಲ್ಲಿ ವೆನಿಸ್ಸಿನ ಅಧಿಪತಿ ಸಂತ ಮಾರ್ಕನ ಮುಂದೆ ಮಂಡಿಯೂರಿ ಧ್ವಜ ಸ್ವೀಕರಿಸುತ್ತಾನೆ. ಇನ್ನೊಂದು ಮುಖದಲ್ಲಿ ನಕ್ಷತ್ರಗಳ ನಡುವೆ ಏಸುಕ್ರಿಸ್ತ ನಿಂತಿದ್ದಾನೆ.

1284ರಲ್ಲಿ ಮೊದಲು ಅಚ್ಚಾದ ಈ ನಾಣ್ಯ 1797ರಲ್ಲಿ ನೆಪೋಲಿಯನ್ ಆ ಗಣರಾಜ್ಯವನ್ನು ಮುಗಿಸುವ ತನಕ ಐನೂರು ವರ್ಷ ಹೆಚ್ಚುಕಡಿಮೆ ಒಂದೇ ಚಿತ್ರ, ಒಂದೇ ತೂಕದಲ್ಲಿ ಬಂತು. ಸುಮಾರು ಮೂರೂವರೆ ಗ್ರಾಂ, ಬಹುತೇಕ ಅಪ್ಪಟ ಚಿನ್ನ. ಸಾಂಬಾರ ಪದಾರ್ಥಗಳ ವ್ಯಾಪಾರದ ಜತೆ ಅದು ಈಜಿಪ್ಟ್, ಅರೇಬಿಯಾ ದಾಟಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಮುಂದೆ ನಮ್ಮ ಅಕ್ಕಸಾಲಿಗರು ಅದನ್ನು ನೋಡಿ ತಾವೇ ಮಾಡತೊಡಗಿದರು. ಅವರಿಗೆ ಲ್ಯಾಟಿನ್ ಬಾರದು, ಅಕ್ಷರಗಳು ಗೀಟುಗಳಾದವು. ಸಂತನ ನಿಲುವಂಗಿ ಬದಲಾಯಿತು, ಧ್ವಜದ ಕೋಲು ಏನೇನೋ ಆಯಿತು. ಕೊನೆಗೆ ನಾಣ್ಯ ಆಭರಣವಾಗಿ, ಕ್ರೈಸ್ತ ಸಂತ ಹಿಂದೂ ಹೆಣ್ಣುಮಕ್ಕಳ ಮಂಗಳಕಾರ್ಯಗಳಲ್ಲಿ ಕೊರಳೇರಿ ಕುಳಿತ. ಅತ್ತೆಗೆ ಈ ಕಥೆ ಹೇಳಿದಾಗ ಅವರು ಒಂದು ನಿಮಿಷ ಸುಮ್ಮನಿದ್ದು, "ಯಾರೇ ಇರಲಿ ಬಿಡು, ಇಷ್ಟು ವರ್ಷ ಮನಿ ಕಾದಾರ" ಎಂದರು.

ವಿಜಾಪುರದ ಬೆಳ್ಳಿ ತಂತಿ

ನಾಣ್ಯವೆಂದರೆ ದುಂಡಗೇ ಇರಬೇಕೇ? ಲಾರಿ ಎಂಬ ನಾಣ್ಯವನ್ನು ನೋಡಿದರೆ ನೀವು ಅದನ್ನು ತಲೆಗೂದಲಿಗೆ ಸಿಕ್ಕಿಸುವ ಪಿನ್ನು ಎಂದೇ ತಿಳಿಯುತ್ತೀರಿ. ಬೆಳ್ಳಿಯ ತಂತಿಯನ್ನು ಮಧ್ಯಕ್ಕೆ ಮಡಿಸಿ, ಸ್ವಲ್ಪ ಚಪ್ಪಟೆ ಮಾಡಿ, ಮೇಲೆ ಅಚ್ಚು ಒತ್ತಿದ ನಾಣ್ಯ ಅದು. ತೂಕ ಐದು ಗ್ರಾಂನ ಒಳಗೆ. ಇರಾನಿನ ದಕ್ಷಿಣದಲ್ಲಿರುವ ಲಾರ್ ಎಂಬ ಊರಿನಿಂದ ಅದಕ್ಕೆ ಆ ಹೆಸರು ಬಂತು. ಪರ್ಷಿಯದ ಕೊಲ್ಲಿಯಿಂದ ಹೊರಟು ನಮ್ಮ ಪಶ್ಚಿಮ ಕರಾವಳಿ, ಮಾಲ್ಡೀವ್ಸ್, ಸಿಂಹಳಗಳವರೆಗೆ ಹಬ್ಬಿತು. ಸಿಂಹಳದಲ್ಲಿ ಅದನ್ನು ಮೀನಿನ ಗಾಳದಂತೆ ಬಗ್ಗಿಸುತ್ತಿದ್ದರು.

ಇದರಲ್ಲಿ ನಮ್ಮ ಪಾಲೂ ಇದೆ. ಗೋಲ ಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಷಾನ ನಂತರ ಪಟ್ಟಕ್ಕೆ ಬಂದ ಎರಡನೆಯ ಅಲಿ ಆದಿಲ್ ಷಾ 1656ರಿಂದ 1672ರವರೆಗೆ ವಿಜಾಪುರವನ್ನು ಆಳಿದ. ಅವನ ಹೆಸರಿನಲ್ಲಿ ಲಾರಿಗಳು ಅಚ್ಚಾಗಿವೆ. ರಾಜಧಾನಿ ಬಯಲುಸೀಮೆಯಲ್ಲಿದ್ದರೂ ಕೊಂಕಣದ ದಾಭೋಳದಂಥ ಬಂದರುಗಳು ಆ ರಾಜ್ಯಕ್ಕೆ ಸಮುದ್ರದ ಬಾಗಿಲುಗಳಾಗಿದ್ದವು. ಕೊಲ್ಲಿಯ ಕಡೆಯ ವ್ಯಾಪಾರಿಗಳ ಕೈಗೆ ಒಗ್ಗಿದ್ದುದು ಲಾರಿ. ಬಂದವರು ನಂಬುವ ಆಕಾರದಲ್ಲೇ ಬೆಳ್ಳಿ ಕೊಟ್ಟರೆ ವ್ಯಾಪಾರ ಸುಲಭ. ಹಾಗಾಗಿ ಇರಾನಿನ ಆಕಾರಕ್ಕೆ ವಿಜಾಪುರದ ಸುಲ್ತಾನನ ಹೆಸರು ಬಿತ್ತು. ತಂತಿ ತೀರ ಸಣ್ಣದಾದ್ದರಿಂದ ಅಚ್ಚಿನ ಬರಹ ಪೂರ್ತಿ ಬೀಳುವುದಿಲ್ಲ. ಒಂದರ ಮೇಲೆ ಅರ್ಧ ಹೆಸರು, ಇನ್ನೊಂದರ ಮೇಲೆ ಒಂದೆರಡು ಅಕ್ಷರ. ಹಲವು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟು ಜೋಡಿಸಿದರೆ ಮಾತ್ರ ಓದಲು ಬರುತ್ತದೆ.

ಲಾರಿ ಇವತ್ತು ಎಲ್ಲಿದೆ ಗೊತ್ತೇ? ಮಾಲ್ಡೀವ್ಸಿನಲ್ಲಿ ನೂರು ಲಾರಿಗೆ ಒಂದು ರುಫಿಯಾ. ಆಕಾರ ಹೋಯಿತು, ಬೆಳ್ಳಿ ಹೋಯಿತು, ಹೆಸರು ಉಳಿಯಿತು. ನಿಮ್ಮ ಸ್ನೇಹಿತರು ಯಾರಾದರೂ ಮಧುಚಂದ್ರಕ್ಕೆ ಅಲ್ಲಿಗೆ ಹೋದರೆ ಒಂದೆರಡು ಲಾರಿ ತರಲು ಹೇಳಿ. ಅಗ್ಗದ ನಾಣ್ಯ, ಆದರೆ ಅದರ ಹೆಸರು ವಿಜಾಪುರದ ಸುಲ್ತಾನನಿಗೂ ಗೊತ್ತಿತ್ತು.

ಮದ್ರಾಸಿನಿಂದ ಸಿಡ್ನಿಗೆ

ಈಗ ಡಾಲರಿನ ಕಥೆ. ಅಮೆರಿಕದ ವೀಸಾಕ್ಕೆ ಸಾಲು ನಿಲ್ಲುವ ನಿಮ್ಮ ತಲೆಮಾರಿಗೆ ಇದು ಬೇಕೇ ಬೇಕು. ಡಾಲರ್ ಎಂಬ ಶಬ್ದ ಹುಟ್ಟಿದ್ದು ಅಮೆರಿಕದಲ್ಲಲ್ಲ. ಬೊಹೀಮಿಯಾದಲ್ಲಿ, ಎಂದರೆ ಇಂದಿನ ಚೆಕ್ ದೇಶದಲ್ಲಿ, ಯೋಆಕಿಮ್ಸ್‌ಥಾಲ್ ಎಂಬ ಕಣಿವೆಯಿದೆ. 16ನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ಗಣಿಯ ಬೆಳ್ಳಿಯಿಂದ ದೊಡ್ಡ ನಾಣ್ಯಗಳು ಅಚ್ಚಾದವು. ಜರ್ಮನ್ ಭಾಷೆಯಲ್ಲಿ ಥಾಲ್ ಎಂದರೆ ಕಣಿವೆ. ಕಣಿವೆಯ ನಾಣ್ಯ ಥಾಲರ್ ಆಯಿತು, ಥಾಲರ್ ಬಾಯಿಂದ ಬಾಯಿಗೆ ಹೋಗಿ ಡಾಲರ್ ಆಯಿತು.

ಆ ಹೆಸರನ್ನು ಇಂಗ್ಲಿಷರು ಸ್ಪೇನಿನ ಎಂಟು ರಿಯಾಲ್‌ನ ಬೆಳ್ಳಿ ನಾಣ್ಯಕ್ಕೂ ಅಂಟಿಸಿದರು. ಅದರ ಬೆಳ್ಳಿ ಮೆಕ್ಸಿಕೋದ ಗಣಿಗಳದು, 1545ರಲ್ಲಿ ಪತ್ತೆಯಾದ ಬೊಲಿವಿಯಾದ ಪೊಟೊಸಿ ಬೆಟ್ಟದ್ದು. ಆ ಬೆಟ್ಟದೊಳಗೆ ಅಲ್ಲಿನ ಮೂಲನಿವಾಸಿಗಳು ಬಿಟ್ಟಿ ದುಡಿದು ಪ್ರಾಣ ಬಿಟ್ಟರು ಎಂಬುದನ್ನೂ ಮರೆಯಬಾರದು. ಈ ನಾಣ್ಯ ಜಗತ್ತನ್ನೇ ಸುತ್ತಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲೇ 1857ರವರೆಗೆ ಅದು ಕಾನೂನುಬದ್ಧ ಹಣವಾಗಿತ್ತು. ಚೀನಾಕ್ಕೆ ಹೋದಾಗ ಅಲ್ಲಿನ ವರ್ತಕರು ಬೆಳ್ಳಿ ಪರೀಕ್ಷಿಸಿ, ಒಪ್ಪಿಗೆಯಾದರೆ ತಮ್ಮ ಪುಟ್ಟ ಮುದ್ರೆಯೊಂದನ್ನು ನಾಣ್ಯದ ಮೇಲೆ ಕುಟ್ಟುತ್ತಿದ್ದರು. ಕೈ ಬದಲಾದಂತೆ ಮುದ್ರೆಗಳು ಹೆಚ್ಚಿ, ಸ್ಪೇನಿನ ದೊರೆಯ ಮುಖದ ತುಂಬ ಚೀನೀ ಅಕ್ಷರಗಳಾಗುತ್ತಿದ್ದವು. ಹೀಗೆ ಪರೀಕ್ಷೆ ಮಾಡುವವರಿಗೆ ಆ ಬಂದರುಗಳಲ್ಲಿ ಇಂಗ್ಲಿಷರು ಇಟ್ಟ ಹೆಸರು 'ಶ್ರಾಫ್'. ನಮ್ಮ ಸರಾಫ! ಇಂದಿಗೂ ಹಾಂಗ್‌ಕಾಂಗಿನಲ್ಲಿ ಕಾರು ನಿಲ್ಲಿಸುವ ಕಡೆ ಹಣ ಕಟ್ಟುವ ಕಿಟಕಿಯ ಮೇಲೆ ಆ ಶಬ್ದ ಕಾಣುತ್ತದೆ. ಚೀನಾದ ಚೌಕ ತೂತಿನ ಹಳೆಯ ನಾಣ್ಯಕ್ಕೆ ಇಂಗ್ಲಿಷಿನಲ್ಲಿ 'ಕ್ಯಾಶ್' ಎನ್ನುತ್ತಾರಲ್ಲ, ಅದು ಪೋರ್ಚುಗೀಸರ ಬಾಯಿಂದ ಬಂದ ನಮ್ಮ ದಕ್ಷಿಣದ 'ಕಾಸು'. ನಗದು ಎಂಬ ಅರ್ಥದ ಕ್ಯಾಶ್ ಮಾತ್ರ ಬೇರೆ, ಅದು ಪೆಟ್ಟಿಗೆ ಎಂಬ ಅರ್ಥದ ಯುರೋಪಿನ ಶಬ್ದದಿಂದ ಬಂದದ್ದು.

ಚೆನ್ನೈಯ ಓದುಗರಿಗೆ ಒಂದು ವಿಶೇಷ. 1812ರ ನವೆಂಬರಿನಲ್ಲಿ ಮದ್ರಾಸಿನಿಂದ ಸಮರಂಗ್ ಎಂಬ ಹಡಗು 40,000 ಸ್ಪ್ಯಾನಿಷ್ ಡಾಲರ್ ಹೊತ್ತು ಆಸ್ಟ್ರೇಲಿಯದ ಸಿಡ್ನಿ ತಲುಪಿತು. ಆಗ ಅದು ಕೈದಿಗಳನ್ನು ಸಾಗಿಸುವ ವಸಾಹತು. ಅಲ್ಲಿ ನಾಣ್ಯಕ್ಕೆ ಬರ, ಬಂದದ್ದೂ ಸರಕಿನ ಹಡಗುಗಳ ಜತೆ ಹೊರಗೆ ಹೋಗಿಬಿಡುತ್ತಿತ್ತು. ಗವರ್ನರ್ ಲಾಕ್ಲನ್ ಮ್ಯಾಕ್ವಾರಿ ಒಂದು ಉಪಾಯ ಹೂಡಿದ. ಖೋಟಾ ನಾಣ್ಯದ ಅಪರಾಧಕ್ಕೆ ಗಡಿಪಾರಾಗಿ ಬಂದಿದ್ದ ವಿಲಿಯಂ ಹೆನ್‌ಶಾಲ್ ಎಂಬ ಕೈದಿಯನ್ನೇ ಕರೆಸಿ, ಪ್ರತಿ ನಾಣ್ಯದ ನಡುವೆ ತೂತು ಕೊರೆಸಿದ. ಹೊರಗಿನ ಬಳೆಗೆ ಐದು ಶಿಲಿಂಗ್, ಒಳಗಿನ ಬಿಲ್ಲೆಗೆ ಹದಿನೈದು ಪೆನ್ಸ್. ಒಂದು ನಾಣ್ಯ ಎರಡಾಯಿತು, ಒಟ್ಟು ಬೆಲೆ ಕಾಲು ಪಾಲು ಏರಿತು. ಊರು ಬಿಟ್ಟು ಹೋದರೆ ತೂತು ನಾಣ್ಯಕ್ಕೆ ಅಷ್ಟು ಬೆಲೆಯಿಲ್ಲವಾದ್ದರಿಂದ ಅದು ಅಲ್ಲೇ ನಿಂತಿತು. 1813 ಎಂದು ಅಚ್ಚಾದ ಆ ಬಳೆಗಳಲ್ಲಿ ಈಗ ಉಳಿದಿರುವುದು ಸುಮಾರು ಮುನ್ನೂರು. ಆಸ್ಟ್ರೇಲಿಯನ್ನರು ತಮ್ಮ ಮೊದಲ ಹಣವೆಂದು ಹೆಮ್ಮೆಪಡುವ ಆ ನಾಣ್ಯದ ಬೆಳ್ಳಿ ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ್ದು, ಅಚ್ಚು ಸ್ಪೇನಿನದು, ಹಡಗು ಹತ್ತಿದ್ದು ಮದ್ರಾಸಿನಲ್ಲಿ.

ಮುಂಬಯಿಯಲ್ಲಿ ಅಚ್ಚಾದ ಮಹಾರಾಣಿ

ಈ ಎಲ್ಲದರಲ್ಲಿ ನನಗೆ ಬಹಳ ಪ್ರಿಯವಾದದ್ದು ಆಸ್ಟ್ರಿಯಾದ ಮರಿಯಾ ತೆರೇಸಾ ಥಾಲರ್. ತುಂಬು ಮೈಯ ಗೃಹಿಣಿಯಂಥ ರಾಣಿ, ತಲೆಯ ಮೇಲೆ ಮುಸುಕು, ಹೆಗಲಲ್ಲಿ ಮುತ್ತಿನ ಪದಕ. ಅವಳು ತೀರಿಕೊಂಡದ್ದು 1780ರಲ್ಲಿ. ನಾಣ್ಯದ ಮೇಲೂ 1780 ಎಂದೇ ಇದೆ. ಆದರೆ ಅದು ಅಚ್ಚಾಗುವುದು ಅಂದಿಗೆ ನಿಲ್ಲಲಿಲ್ಲ! ಯೆಮನ್, ಇಥಿಯೋಪಿಯಾಗಳ ಕಾಫಿ ವ್ಯಾಪಾರಿಗಳು ಈ ನಾಣ್ಯವನ್ನಲ್ಲದೆ ಬೇರೆಯದನ್ನು ಮುಟ್ಟುತ್ತಿರಲಿಲ್ಲ. ವರ್ಷ ಬದಲಾದರೆ ಸಂಶಯ, ರಾಣಿಯ ಪದಕದ ಮುತ್ತುಗಳನ್ನು ಎಣಿಸಿ ಒಂದು ಕಡಿಮೆಯಾದರೂ ವಾಪಸು. ಹಾಗಾಗಿ ಟಂಕಸಾಲೆಗಳು ಅದೇ ಮುಖ, ಅದೇ ಇಸವಿ, ಅದೇ 28 ಗ್ರಾಂ ತೂಕದಲ್ಲಿ ಅಚ್ಚು ಹಾಕುತ್ತಲೇ ಹೋದವು. ವಿಯೆನ್ನಾದ ಟಂಕಸಾಲೆ ಈ ಕೆಲಸವನ್ನು ನಮ್ಮ ಕಾಲದವರೆಗೂ ಮುಂದುವರಿಸಿದೆ.

1935ರಲ್ಲಿ ಇಥಿಯೋಪಿಯಾದ ಮೇಲೆ ಕಣ್ಣಿಟ್ಟ ಮುಸೊಲಿನಿ ಇದರ ಅಚ್ಚುಗಳನ್ನು ಆಸ್ಟ್ರಿಯಾದಿಂದ ತರಿಸಿಕೊಂಡು ರೋಮಿನಲ್ಲಿ ನಾಣ್ಯ ಹೊಡೆಸಿದ. ಹಣ ಕೈಯಲ್ಲಿದ್ದರೆ ಆ ನೆಲದಲ್ಲಿ ಅರ್ಧ ಗೆದ್ದಂತೆ ಎಂಬ ಲೆಕ್ಕ. ಬ್ರಿಟಿಷರು ಸುಮ್ಮನಿರುವರೇ? ಲಂಡನ್ನಿನಲ್ಲಿ ತಾವೂ ಹೊಡೆದರು. ಎರಡನೆಯ ಮಹಾಯುದ್ಧದ ನಡುವೆ, 1940 ಮತ್ತು 1941ರಲ್ಲಿ, ನಮ್ಮ ಮುಂಬಯಿಯ ಟಂಕಸಾಲೆಯಲ್ಲೂ ಲಕ್ಷಗಟ್ಟಲೆ ಥಾಲರ್ ಅಚ್ಚಾದವು. ಕೋಟೆ ಪ್ರದೇಶದಲ್ಲಿ ರಿಸರ್ವ್ ಬ್ಯಾಂಕಿನ ಎದುರಿಗೆ ಆ ಹಳೆಯ ಕಟ್ಟಡವನ್ನು ನೋಡಬಹುದು. ಸತ್ತು 160 ವರ್ಷವಾದ ಆಸ್ಟ್ರಿಯಾದ ರಾಣಿ, ಇಂಗ್ಲಿಷರ ಯುದ್ಧಕ್ಕಾಗಿ, ಮುಂಬಯಿಯ ಕಾರ್ಮಿಕರ ಕೈಯಲ್ಲಿ ಹುಟ್ಟಿ, ಆಫ್ರಿಕದ ಸಂತೆಗೆ ಹೋದಳು.

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮ ಬಳಗದ ಹಿರಿಯರೊಬ್ಬರ ತಂದೆ ಏಡನ್ ಬಂದರಿನಲ್ಲಿ ಗುಮಾಸ್ತರಾಗಿದ್ದವರು. ಊರಿಗೆ ಬರುವಾಗ ಒಂದು ಸಣ್ಣ ಚೀಲದಲ್ಲಿ ಇಂಥ ಥಾಲರ್‌ಗಳನ್ನು ತಂದಿದ್ದರಂತೆ. ಹಿರಿಯರು ತೀರಿಕೊಂಡ ಮೇಲೆ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಆ ಚೀಲ ಅಂಗಡಿಯ ತಕ್ಕಡಿಗೆ ಹೋಯಿತು. ಬೆಳ್ಳಿಯ ತೂಕಕ್ಕೆ ಹಣ ಬಂತು. ಆ ಹಣದ ಬಗ್ಗೆ ಯಾರಿಗೂ ಬೇಸರವಿಲ್ಲ, ಅದು ಅವರ ಹಕ್ಕು. ಆದರೆ ಎರಡು ವರ್ಷದ ನಂತರ ಅವರ ಮೊಮ್ಮಗಳು ನನ್ನ ಡಬ್ಬಿಯಲ್ಲಿ ರಾಣಿಯ ಮುಖ ನೋಡಿ, "ಇದು ನಮ್ಮ ಮನೆಯಲ್ಲೂ ಇತ್ತಲ್ಲ! ಮುತ್ತಜ್ಜ ಏಡನ್ನಿಗೆ ಯಾಕೆ ಹೋಗಿದ್ದರು?" ಎಂದು ಕೇಳಿದಳು. ಉತ್ತರ ಹೇಳಲು ನಾಣ್ಯವೂ ಇಲ್ಲ, ಅಜ್ಜನೂ ಇಲ್ಲ. ಕರಗಿದ ಬೆಳ್ಳಿಯನ್ನು ಪೇಟೆಯಲ್ಲಿ ಮತ್ತೆ ಕೊಳ್ಳಬಹುದು, ಆ ಉತ್ತರವನ್ನು ಕೊಳ್ಳಲಾಗದು.

ಎರಡು ಮುದ್ರೆಗಳು

ಈ ಕಥೆಗಳಲ್ಲಿ ಒಂದು ಮಾತು ಸಾಮಾನ್ಯವಾಗಿದೆ. ಪರವೂರಿನಲ್ಲಿ ಯಾರೂ ನಾಣ್ಯವನ್ನು ಅದರ ದೊರೆಯ ಹೆಸರು ನೋಡಿ ನಂಬಲಿಲ್ಲ. ತೂಗಿ ನೋಡಿದರು, ಗೀರಿ ನೋಡಿದರು, ಮುತ್ತು ಎಣಿಸಿದರು, ಮುದ್ರೆ ಕುಟ್ಟಿದರು. ಒಳಗಿನ ಬೆಳ್ಳಿ ನಿಜವಾಗಿದ್ದಷ್ಟು ದಿನ ನಾಣ್ಯ ನಡೆಯಿತು. ಮೇಲೆ ಬಿದ್ದ ಹೊಸ ಮುದ್ರೆ ಹಳೆಯ ಮುಖವನ್ನು ಪೂರ್ತಿ ಅಳಿಸಲಿಲ್ಲ.

ಊರಿಗೆ ಹೋದರೆ ನಿಮ್ಮನ್ನು ಬಾಂಬೆಯವರು ಎನ್ನುತ್ತಾರೆ. ಇಲ್ಲಿ ನೆರೆಯವರು ಎಲ್ಲ ದಕ್ಷಿಣದವರನ್ನೂ ಸೇರಿಸಿ ಮದ್ರಾಸಿ ಎಂದುಬಿಡುತ್ತಾರೆ. "ಹಾಗಾದರೆ ನಾವು ಎಲ್ಲಿಯವರು?" ಎಂದು ನಿಮ್ಮಲ್ಲಿ ಹಲವರು ಕೇಳುವುದನ್ನು ನಾನು ಕೇಳಿದ್ದೇನೆ. ಚೀನೀ ಮುದ್ರೆ ಬಿದ್ದ ಡಾಲರನ್ನು ಒಂದು ಕಾಲಕ್ಕೆ ಹಾಳಾದ ನಾಣ್ಯವೆಂದು ಸಂಗ್ರಾಹಕರು ದೂರ ಇಡುತ್ತಿದ್ದರು. ಇಂದು ಆ ಮುದ್ರೆಗಳಿಗಾಗಿಯೇ ಅದನ್ನು ಹುಡುಕುವವರಿದ್ದಾರೆ. ಎಲ್ಲೆಲ್ಲಿ ನಡೆಯಿತು ಎಂಬುದಕ್ಕೆ ಅದೇ ಸಾಕ್ಷಿ ತಾನೇ? ಇದಕ್ಕಿಂತ ಹೆಚ್ಚು ಉಪದೇಶ ಮಾಡುವುದಿಲ್ಲ, ನೀವು ಬುದ್ಧಿವಂತರು.

ಮೋಸ ಹೋಗಬೇಡಿ

ಇನ್ನು ಬೆಲೆಯ ಪ್ರಶ್ನೆಗೆ ಬರೋಣ. ಮೊಬೈಲಿನಲ್ಲಿ "ಈ ಹಳೆಯ ಐದು ರೂಪಾಯಿ ನಿಮ್ಮಲ್ಲಿದ್ದರೆ ಲಕ್ಷ ರೂಪಾಯಿ ಗೆಲ್ಲಿ" ಎಂಬ ಸಂದೇಶ ನಿಮಗೂ ಬಂದಿರಬೇಕು. ಮೊದಲು ನೋಂದಣಿಗೆಂದು ಸ್ವಲ್ಪ ಹಣ ಕೇಳುತ್ತಾರೆ, ಆಮೇಲೆ ತೆರಿಗೆ ಎನ್ನುತ್ತಾರೆ, ರಿಸರ್ವ್ ಬ್ಯಾಂಕಿನ ಹೆಸರು ಹೇಳುತ್ತಾರೆ. 2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಇದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಮನೆಯ ಹಿರಿಯರಿಗೆ ಇದನ್ನು ತಿಳಿಸುವುದು ನಿಮ್ಮ ಕೆಲಸ.

ಒಂದು ಕಡೆ ರಾಮ ಸೀತೆಯರ ಚಿತ್ರ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ ಎಂಬ ಹೆಸರು, 1818 ಎಂಬ ಇಸವಿ ಇರುವ ತಾಮ್ರದ ಬಿಲ್ಲೆಗಳನ್ನು ಜಾತ್ರೆಗಳಲ್ಲಿ, ಫುಟ್‌ಪಾತ್‌ಗಳಲ್ಲಿ ಮಾರುತ್ತಾರೆ. ಕಂಪನಿಯ ಟಂಕಸಾಲೆ ಅಂಥ ನಾಣ್ಯವನ್ನು ಹೊಡೆದಿಲ್ಲ, ಅವು ಇತ್ತೀಚಿನ ತಯಾರಿಕೆ. ಅಕ್ಕಿಕಾಳನ್ನು ಎಳೆದುಕೊಳ್ಳುವ ಪವಾಡದ ನಾಣ್ಯ ಎಂಬುದಂತೂ ಶುದ್ಧ ವಂಚನೆ. ಅಂಥದ್ದನ್ನು ನಂಬಿ ಮನೆ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಕಾಯಿದೆಯೂ ಸ್ವಲ್ಪ ತಿಳಿದಿರಲಿ. ಹೊಲದಲ್ಲೋ, ಮನೆಯ ತಳಪಾಯದಲ್ಲೋ ಹಳೆಯ ನಾಣ್ಯಗಳ ನಿಧಿ ಸಿಕ್ಕರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ವಿದೇಶಕ್ಕೆ ಓದಲು ಹೋಗುವಾಗ ಅಜ್ಜಿ ಕೊಟ್ಟರೆಂದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗುವಂತಿಲ್ಲ.

ಡಬ್ಬಿ ತೆರೆಯುವ ಮೊದಲು

ಕೊನೆಗೆ ಕೆಲವು ಮನೆಮಾತುಗಳು. ಹಳೆಯ ನಾಣ್ಯ ಕೈಗೆ ಬಂದೊಡನೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ನಿಂಬೆರಸ, ವಿಭೂತಿ, ಹಲ್ಲುಪುಡಿ ಯಾವುದೂ ಬೇಡ. ಪಾತ್ರೆ ಹೊಳೆದರೆ ಚೆಂದ, ನಾಣ್ಯ ಹೊಳೆದರೆ ಹಾಳು. ನೂರು ವರ್ಷದಲ್ಲಿ ಕೂತ ಕಪ್ಪು ಬಣ್ಣವೇ ಅದಕ್ಕೆ ರಕ್ಷೆ. ಅಂಚಿನಲ್ಲಿ ಹಿಡಿಯಿರಿ, ಮುಖದ ಮೇಲೆ ಬೆರಳಿಡಬೇಡಿ. ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಕಾಲಕ್ರಮೇಣ ಹಸಿರು ಅಂಟು ಕೂರುತ್ತದೆ, ಕಾಗದದ ಸಣ್ಣ ಲಕೋಟೆ ಉತ್ತಮ. ಮುಂಬಯಿಯ ಮಳೆಗಾಲಕ್ಕೆ ಹೊಸ ಬೂಟಿನ ಡಬ್ಬದಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣವನ್ನು ಜತೆಗಿಡಿ.

ದೇವರ ಮನೆಯಲ್ಲಿ ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿಗಳನ್ನು ಒಮ್ಮೆ ಗಮನಿಸಿ. ವಿಕ್ಟೋರಿಯಾಳ ಹೆಸರಿನ ಜತೆ 'ಕ್ವೀನ್' ಎಂದಿದ್ದರೆ ಅದು 1876ರ ಒಳಗಿನದು, 'ಎಂಪ್ರೆಸ್' ಎಂದಿದ್ದರೆ 1877ರಿಂದ ಈಚಿನದು. ತೂಕ 11.66 ಗ್ರಾಂ, ಅದೇ ಒಂದು ತೊಲ. 1940ರಿಂದ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ, 1947ರದು ಬರೀ ನಿಕ್ಕಲ್. ಪೂಜೆಯ ನಾಣ್ಯಕ್ಕೆ ಅಜ್ಜಿ ಹುಣಸೆಹಣ್ಣು ಹಚ್ಚುವುದನ್ನು ಕಂಡು ಅವರ ಜತೆ ಜಗಳಕ್ಕೆ ನಿಲ್ಲಬೇಡಿ. ಒಂದೆರಡನ್ನು ಅವರಿಗೆ ಬಿಟ್ಟುಕೊಟ್ಟು, ಮಿಕ್ಕದ್ದನ್ನು ಕೇಳಿ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಚೀಟಿ. ಪ್ರತಿ ನಾಣ್ಯದ ಜತೆ ಒಂದು ಚೀಟಿ ಇಡಿ. ಯಾರು ತಂದರು, ಎಲ್ಲಿಂದ, ಯಾವ ವರ್ಷ, ಯಾಕೆ ಹೋಗಿದ್ದರು ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ನಾಣ್ಯದ ಮೇಲಿನ ಇಸವಿಯನ್ನು ಯಾವ ಪುಸ್ತಕದಲ್ಲಾದರೂ ನೋಡಬಹುದು, ಈ ನಾಲ್ಕು ಸಾಲು ನಿಮ್ಮ ಮನೆಯಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಪುಣೆಯ ತಮ್ಮಾ, ನಿನಗೂ ಇದೇ ಉತ್ತರ. ಈ ಭಾನುವಾರ ನಿನ್ನ ಸೋದರಮಾವನಿಗೆ ಫೋನು ಮಾಡು. ಮೂವತ್ತೆಂಟು ದೇಶಗಳ ಮಾತು, ಒಂದೇ ಕರೆಯಲ್ಲಿ ಮುಗಿಯಲಾರದು.

ನಿಮ್ಮೆಲ್ಲರ ಮನೆಗಳಲ್ಲಿ ಊರು ಬಿಟ್ಟು ಬಂದ ನಾಣ್ಯವಿದ್ದರೆ ಅದರ ಕಥೆಯನ್ನು ಒಂದು ಪುಟ ಮೀರದಂತೆ ಬರೆದು ನಮ್ಮ ಪತ್ರಿಕೆಗೆ ಕಳಿಸಿ. ಒತ್ತಕ್ಷರ ತಪ್ಪಿದರೆ ನಾನು ತಿದ್ದಿಕೊಳ್ಳುತ್ತೇನೆ. ನಾಣ್ಯವನ್ನು ಮಾತ್ರ ಕಳಿಸಬೇಡಿ, ಅದು ನಿಮ್ಮಲ್ಲೇ ಇರಲಿ.